ಹುಡುಕಿದ್ದಕ್ಕೆ ಕಾಸು: ಕೊಡುವವರು ಯಾರು, ಯಾಕೆ ಕೊಡುತ್ತಾರೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಹಾಸ್ಟೆಲ್ಲಿನ ಗೆಳತಿಯೊಬ್ಬಳು ಗೂಗಲ್ ಬಿಟ್ಟು ಬಿಂಗ್‌ನಲ್ಲಿ ಹುಡುಕುತ್ತಾಳೆ. ಹುಡುಕಿದಷ್ಟೂ ಪಾಯಿಂಟ್ ಬರುತ್ತದೆ, ಒಮ್ಮೆ ಗಿಫ್ಟ್ ಕಾರ್ಡ್ ಕೂಡ ಸಿಕ್ಕಿದೆ. ಸುಮ್ಮನೆ ಹುಡುಕಿದ್ದಕ್ಕೆ ಕಂಪನಿ ಯಾಕೆ ದುಡ್ಡು ಕೊಡಬೇಕು ಸರ್? ಇದು ನಿಜವೇ ಆಗಿದ್ದರೆ ಗೂಗಲ್ ಯಾಕೆ ಕೊಡುವುದಿಲ್ಲ? ತಾನೇ ಹುಡುಕಿ ಪಾಯಿಂಟ್ ತರುವ ಒಂದು ಎಕ್ಸ್‌ಟೆನ್ಷನ್ ಹಾಕಿಕೋ ಎಂದೂ ಅವಳು ಹೇಳುತ್ತಾಳೆ. ಇನ್ನೊಂದು ಕಡೆ, ಟೆಲಿಗ್ರಾಂ ಗುಂಪೊಂದರಲ್ಲಿ ‘ದಿನಕ್ಕೆ 50 ಸರ್ಚ್ ಮಾಡಿ, 800 ರೂಪಾಯಿ ಗಳಿಸಿ, ಮೊದಲು 500 ಕಟ್ಟಿ ಐಡಿ ಆಕ್ಟಿವೇಟ್ ಮಾಡಿಸಿ’ ಎನ್ನುತ್ತಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಗೆಳತಿಗೆ ಸಿಕ್ಕ ಕಾರ್ಡ್ ಅಸಲಿಯೇ. ಟೆಲಿಗ್ರಾಂ ಗುಂಪು ಮೋಸ. ಇವೆರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ ಕೂಡ. ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಬೇಕಾದರೆ ನಿಮ್ಮ ಮೊದಲ ಪ್ರಶ್ನೆಯಿಂದಲೇ ಶುರು ಮಾಡಬೇಕು. ಬಿ.ಕಾಂ. ವಿದ್ಯಾರ್ಥಿನಿ ಅಂದಮೇಲೆ ಸ್ವಲ್ಪ ಲೆಕ್ಕ ಹೇಳಿದರೆ ಬೇಜಾರಾಗದು ಅಂದುಕೊಳ್ಳುತ್ತೇನೆ.

ನೀವು ಸರ್ಚ್ ಪೆಟ್ಟಿಗೆಯಲ್ಲಿ ಏನಾದರೂ ಟೈಪ್ ಮಾಡಿ ಒತ್ತಿದ ಕ್ಷಣದಲ್ಲೇ ಒಂದು ಹರಾಜು ನಡೆಯುತ್ತದೆ. ‘ಹೋಮ್ ಲೋನ್ ಬಡ್ಡಿ ದರ’ ಎಂದು ಹುಡುಕಿದರೆ ಆ ಪುಟದ ನೆತ್ತಿಯ ಮೇಲೆ ಕೂರಲು ಬ್ಯಾಂಕುಗಳು, ಸಾಲದ ಆ್ಯಪ್‌ಗಳು, ದಲ್ಲಾಳಿ ಸೈಟುಗಳು ಪೈಪೋಟಿಗೆ ಬೀಳುತ್ತವೆ. ಯಾರು ಎಷ್ಟು ಕೂಗಿದರು, ಜಾಹೀರಾತು ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಎರಡನ್ನೂ ತೂಗಿ ಯಂತ್ರ ಗೆದ್ದವರನ್ನು ಆರಿಸುತ್ತದೆ. ಗೆದ್ದವರು ದುಡ್ಡು ಕೊಡಬೇಕಾದದ್ದು ನೀವು ಆ ಜಾಹೀರಾತನ್ನು ಒತ್ತಿದಾಗ ಮಾತ್ರ. ವಿಮೆ, ಸಾಲ, ವಕೀಲರು, ವಿದೇಶಿ ಕೋರ್ಸುಗಳು – ಇಂಥವಕ್ಕೆ ಒಂದೊಂದು ಕ್ಲಿಕ್ಕಿನ ಬೆಲೆಯೂ ಜೋರು. ಅದೇ ನೀವು ‘ಅಕ್ಕಮಹಾದೇವಿ ವಚನ’ ಎಂದು ಹುಡುಕಿದರೆ ಹರಾಜಿನ ಅಂಗಳಕ್ಕೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಅಂದರೆ ನೂರು ಹುಡುಕಾಟಗಳಲ್ಲಿ ಬಹುಪಾಲು ಕಂಪನಿಗೆ ಕಾಸು ತರುವುದಿಲ್ಲ, ತರುವ ಕೆಲವು ಚೆನ್ನಾಗಿಯೇ ತರುತ್ತವೆ.

ಪಾಯಿಂಟಿನ ಗುಟ್ಟು ಇಲ್ಲಿದೆ. ಬಿಂಗ್‌ನ ಒಡೆಯ ಮೈಕ್ರೋಸಾಫ್ಟ್ ನಡೆಸುವ ಈ ಪಾಯಿಂಟ್ ಯೋಜನೆ ನಿಮಗೆ ವಚನಕ್ಕೂ ಹೋಮ್ ಲೋನ್‌ಗೂ ಒಂದೇ ಪಾಯಿಂಟ್ ಕೊಡುತ್ತದೆ. ಆ ಹುಡುಕಾಟದಿಂದ ಅವರಿಗೆ ಏನು ಬಂತು ಎಂಬುದಕ್ಕೂ ನಿಮಗೆ ಸಿಕ್ಕಿದ್ದಕ್ಕೂ ನೇರ ನಂಟಿಲ್ಲ. ಹುಡುಕಾಟಕ್ಕೆ ಕೂಲಿ ಕೊಡುತ್ತಿದ್ದರೆ ಹೀಗಿರುತ್ತಿರಲಿಲ್ಲ. ಅವರು ಖರೀದಿ ಮಾಡುತ್ತಿರುವುದು ನಿಮ್ಮ ಅಭ್ಯಾಸವನ್ನು: ಏನೇ ಬೇಕಾದರೂ ಕೈ ತಾನಾಗಿ ಬಿಂಗ್ ಕಡೆಗೆ ಹೋಗುವ ಹಾಗೆ ಮಾಡುವುದನ್ನು. ಒಂದು ದಿನ ನೀವು ಕೆಲಸಕ್ಕೆ ಸೇರಿ ಸಾಲವನ್ನೋ ವಿಮೆಯನ್ನೋ ಹುಡುಕುತ್ತೀರಲ್ಲ, ಆಗ ಅವರ ಪುಟದಲ್ಲಿರಬೇಕು, ಅಷ್ಟೇ.

ಈ ಅಭ್ಯಾಸಕ್ಕೆ ಬೆಲೆ ಎಷ್ಟಿದೆ? 2023ರ ಫೆಬ್ರವರಿಯಲ್ಲಿ ಹೊಸ ಬಿಂಗ್ ಬಿಡುಗಡೆ ಮಾಡಿದಾಗ ಮೈಕ್ರೋಸಾಫ್ಟ್ ತನ್ನ ಹೂಡಿಕೆದಾರರಿಗೆ ಒಂದು ಮಾತು ಹೇಳಿತು. ಸರ್ಚ್ ಜಾಹೀರಾತಿನ ಮಾರುಕಟ್ಟೆಯಲ್ಲಿ ಶೇ. 1ರಷ್ಟು ಪಾಲು ಹೆಚ್ಚಿದರೆ 200 ಕೋಟಿ ಡಾಲರ್ ಆದಾಯದ ಅವಕಾಶ ಎಂದು. ಶೇ. 1ಕ್ಕೆ ಇಷ್ಟು! ಇದನ್ನು ನೋಡಿದ ಮೇಲೆ ಗಿಫ್ಟ್ ಕಾರ್ಡ್ ಹಂಚುವುದು ಧಾರಾಳತನ ಅನ್ನಿಸುವುದಿಲ್ಲ, ಸಾಕಷ್ಟು ಜುಗ್ಗತನವೇ ಅನ್ನಿಸುತ್ತದೆ.

ಇನ್ನು ಗೂಗಲ್ ಯಾಕೆ ಕೊಡುವುದಿಲ್ಲ ಎಂಬ ಪ್ರಶ್ನೆ. ಗೂಗಲ್ ಕೊಡುತ್ತದೆ, ಧಾರಾಳವಾಗಿ ಕೊಡುತ್ತದೆ. ನಿಮಗಲ್ಲ. ಅಮೆರಿಕ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಈ ಲೆಕ್ಕವೆಲ್ಲ ಹೊರಬಿತ್ತು. ಫೋನು, ಬ್ರೌಸರುಗಳಲ್ಲಿ ತಾನೇ ಡೀಫಾಲ್ಟ್ ಆಗಿ, ಅಂದರೆ ನೀವು ಬದಲಿಸದ ಹೊರತು ತಾನಾಗಿ ತೆರೆಯುವ ಸರ್ಚ್ ಆಗಿ, ಕೂರುವುದಕ್ಕೆ ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು. 2022ರಲ್ಲಿ ಆ್ಯಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್. ಆ್ಯಪಲ್‌ನ ಬ್ರೌಸರ್ ಸಫಾರಿಯಲ್ಲಿ ನಡೆಯುವ ಹುಡುಕಾಟಗಳಿಂದ ಬರುವ ಜಾಹೀರಾತು ಆದಾಯದಲ್ಲಿ ಶೇ. 36 ಆ್ಯಪಲ್‌ಗೆ ಹೋಗುತ್ತದೆ ಎಂಬ ಗುಟ್ಟಿನ ಅಂಕಿ ಸಾಕ್ಷಿಯೊಬ್ಬರ ಬಾಯಿಂದ ತೆರೆದ ಕೋರ್ಟಿನಲ್ಲೇ ಜಾರಿಬಿತ್ತು. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. 2025ರ ಸೆಪ್ಟೆಂಬರಿನಲ್ಲಿ ಪರಿಹಾರದ ಆದೇಶ ಬಂದಾಗ ‘ನಮ್ಮದು ಮಾತ್ರ ಇಡಬೇಕು’ ಎಂಬ ಕರಾರುಗಳಿಗೆ ತಡೆ ಬಿತ್ತು. ದುಡ್ಡು ಕೊಡುವುದಕ್ಕೆ ತಡೆ ಬೀಳಲಿಲ್ಲ.

ಅಂದರೆ ನೀವು ಐಫೋನಿನಲ್ಲಿ ಹುಡುಕಿದಾಗಲೂ ಬಹುಮಾನ ಹುಟ್ಟುತ್ತದೆ, ಆ ಫೋನು ಮಾರಿದವನ ಜೇಬಿಗೆ ಬೀಳುತ್ತದೆ. ಗೂಗಲ್ ಸಗಟಿನಲ್ಲಿ ಕೊಳ್ಳುತ್ತದೆ, ಮೈಕ್ರೋಸಾಫ್ಟ್ ನಿಮ್ಮಂಥವರಿಂದ ಚಿಲ್ಲರೆಯಲ್ಲಿ ಕೊಳ್ಳುತ್ತದೆ. ಇದಕ್ಕಿಂತ ಸರಳವಾಗಿ ನನಗೆ ಹೇಳಲು ಬಾರದು.

ನಮ್ಮ ದೇಶದ ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ತನ್ನ ಸರ್ಚ್ ಮತ್ತಿತರ ಆ್ಯಪ್‌ಗಳನ್ನು ಹೇರಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಅದಾದ ಮೇಲೆ, 2023ರ ಜನವರಿಯಲ್ಲಿ, ಹೊಸ ಫೋನು ಶುರು ಮಾಡುವಾಗ ಯಾವ ಸರ್ಚ್ ಎಂಜಿನ್ ಬೇಕು ಎಂದು ಆರಿಸಿಕೊಳ್ಳುವ ಪರದೆಯನ್ನು ಭಾರತದವರಿಗೂ ತೋರಿಸುವುದಾಗಿ ಗೂಗಲ್ ಹೇಳಿತು. ಆ ಪರದೆಯ ಮುಂದೆ ನಮ್ಮ ಜನ ಏನು ಮಾಡುತ್ತಾರೆ? ನನ್ನ ಸುತ್ತ ನೋಡಿದಂತೆ, ಮೊಬೈಲ್ ಅಂಗಡಿಯ ಹುಡುಗನೇ ಗೂಗಲ್ ಒತ್ತಿ ಫೋನು ಕೈಗೆ ಕೊಡುತ್ತಾನೆ.

ಹಾಗಾದರೆ ಪುಡಿಗಾಸು ಕೊಟ್ಟರೆ ಅಭ್ಯಾಸ ಬದಲಾಗುತ್ತದೆಯೇ? ಸ್ಟ್ಯಾನ್‌ಫರ್ಡ್, ಎಂಐಟಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರು ಸೇರಿ ಇದನ್ನೇ ಅಮೆರಿಕದಲ್ಲಿ ಪ್ರಯೋಗ ಮಾಡಿ ನೋಡಿದರು. 2025ರ ಆರಂಭದಲ್ಲಿ ಫಲಿತಾಂಶ ಬಂತು. ಗೂಗಲ್ ಬಳಸುವವರಿಗೆ ಬರೀ ‘ಯಾವುದು ಬೇಕು, ಆರಿಸಿಕೊಳ್ಳಿ’ ಎಂದರೆ ಬಿಟ್ಟು ಹೋದವರು ಬೆರಳೆಣಿಕೆಯಷ್ಟು. ದುಡ್ಡು ಕೊಟ್ಟು ಎರಡು ವಾರ ಬಿಂಗ್ ಬಳಸಿ ಎಂದಾಗ, ಒಪ್ಪಿ ಬಳಸಿದವರಲ್ಲಿ ಶೇ. 33 ಜನ, ವಾಯಿದೆ ಮುಗಿದ ಮೇಲೂ ಬಿಂಗ್‌ನಲ್ಲೇ ಇರುತ್ತೇವೆ ಎಂದರು. ಅಂದುಕೊಂಡಷ್ಟು ಕೆಟ್ಟದಾಗಿಲ್ಲ ಎಂಬುದು ಬಳಸಿದ ಮೇಲೇ ಅವರಿಗೆ ಗೊತ್ತಾಗಿತ್ತು. ನಿಮ್ಮ ಗೆಳತಿಯ ಗಿಫ್ಟ್ ಕಾರ್ಡಿನ ಹಿಂದಿರುವ ಲೆಕ್ಕಾಚಾರವೂ ಇದೇ: ಅವಳು ಪಾಯಿಂಟಿಗಾಗಿ ಬಂದಿದ್ದಾಳೆ, ಪಾಯಿಂಟ್ ನಿಂತ ಮೇಲೂ ಉಳಿಯಬಹುದು.

ಈ ಆಟ ಹೊಸದಲ್ಲ. ಹಳೆಯ ಕಥೆಗಳನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇವತ್ತಿನ ನಿಯಮಗಳೆಲ್ಲ ಆ ಪೆಟ್ಟುಗಳಿಂದಲೇ ಹುಟ್ಟಿದವು. 1999ರಲ್ಲಿ ಅಮೆರಿಕದ ಆಲ್‌ಅಡ್ವಾಂಟೇಜ್ ಎಂಬ ಕಂಪನಿ, ಕಂಪ್ಯೂಟರಿನ ಪರದೆಯ ಅಂಚಿನಲ್ಲಿ ಜಾಹೀರಾತಿನ ಪಟ್ಟಿ ಇಟ್ಟುಕೊಂಡು ಇಂಟರ್ನೆಟ್ ನೋಡುವವರಿಗೆ ಗಂಟೆಗೆ 50 ಸೆಂಟ್ ಕೊಡುತ್ತೇನೆಂದಿತು. ನೀವು ಸೇರಿಸಿದವರು ನೋಡಿದರೂ ನಿಮಗೆ ಪಾಲು. ಜನ ಮುಗಿಬಿದ್ದರು. ಮೌಸನ್ನು ತಾನಾಗಿ ಅಲ್ಲಾಡಿಸುವ ಸಾಫ್ಟ್‌ವೇರ್‌ಗಳೂ ಬೆನ್ನಲ್ಲೇ ಬಂದವು. ಮನುಷ್ಯರು ನಿದ್ದೆಯಲ್ಲಿ, ಮೀಟರು ಓಟದಲ್ಲಿ. ಜಾಹೀರಾತಿನಿಂದ ಬಂದದ್ದಕ್ಕಿಂತ ಸದಸ್ಯರಿಗೆ ಕೊಡಬೇಕಾದದ್ದೇ ಹೆಚ್ಚಾಗಿ, 2001ರ ಹೊತ್ತಿಗೆ ಬಾಗಿಲು ಹಾಕಿತು.

ಅದೇ 1999ರಲ್ಲಿ ಟಿ.ವಿ. ಕಂಪನಿ ಸಿಬಿಎಸ್ ಬೆಂಬಲದಿಂದ ಐವನ್ ಎಂಬ ಪೋರ್ಟಲ್ ಬಂತು. ಅದರ ದಾರಿ ಬೇರೆ. ಪ್ರತಿಯೊಬ್ಬರಿಗೂ ಪುಡಿಗಾಸು ಹಂಚುವ ಬದಲು ಲಾಟರಿ. ದಿನಕ್ಕೊಬ್ಬರಿಗೆ 10,000 ಡಾಲರ್, ತಿಂಗಳಿಗೊಬ್ಬರಿಗೆ 10 ಲಕ್ಷ, ವರ್ಷಕ್ಕೊಮ್ಮೆ ಒಂದು ಕೋಟಿ ಡಾಲರ್. ಹುಡುಕಿದಷ್ಟೂ ಚೀಟಿಗಳು ಹೆಚ್ಚು. ಕಂಪನಿಯ ಕಡೆಯಿಂದ ನೋಡಿದರೆ ಇದು ಜಾಣತನ, ಯಾಕೆಂದರೆ ಎಷ್ಟು ಜನ ಬಂದರೂ ಬಹುಮಾನದ ಖರ್ಚು ಅಷ್ಟೇ.

ಮೈಕ್ರೋಸಾಫ್ಟ್ ಈ ಕಣಕ್ಕೆ ಇಳಿದದ್ದು 2007ರಲ್ಲಿ, ಲೈವ್ ಸರ್ಚ್ ಕ್ಲಬ್ ಎಂಬ ಪದದಾಟಗಳ ಮೂಲಕ. ಲೈವ್ ಸರ್ಚ್ ಎಂಬುದು ಬಿಂಗ್‌ನ ಹಿಂದಿನ ಹೆಸರು. ಆಡುವಾಗ ಪ್ರತಿ ಪದಕ್ಕೂ ಹಿಂದುಗಡೆ ಒಂದು ಹುಡುಕಾಟ ನಡೆಯುತ್ತಿತ್ತು, ಗೆದ್ದರೆ ಬಹುಮಾನಕ್ಕೆ ಟಿಕೆಟ್. ಸರ್ಚ್ ಮಾರುಕಟ್ಟೆಯಲ್ಲಿ ಅದರ ಪಾಲು ದಿಢೀರನೆ ಏರಿತು. ಹೀಗೆ ಆಡುತ್ತಿದ್ದವರಲ್ಲಿ ಬಾಟ್‌ಗಳೂ, ಅಂದರೆ ಮನುಷ್ಯರ ಬದಲು ತಾವಾಗಿ ಆಡುವ ಸಾಫ್ಟ್‌ವೇರ್‌ಗಳೂ ಇದ್ದವು. ಜಾಹೀರಾತುದಾರನಿಗೆ ಬಾಟ್‌ನಿಂದ ಏನು ಉಪಯೋಗ? ಅದು ಸಾಲವನ್ನೂ ಕೇಳುವುದಿಲ್ಲ, ಸೀರೆಯನ್ನೂ ಕೊಳ್ಳುವುದಿಲ್ಲ.

2008ರ ಮೇ ತಿಂಗಳಲ್ಲಿ ಬಂದ ಕ್ಯಾಷ್‌ಬ್ಯಾಕ್ ಯೋಜನೆ ನನಗೆ ಈ ಇಡೀ ಚರಿತ್ರೆಯಲ್ಲೇ ಹೆಚ್ಚು ಪ್ರಾಮಾಣಿಕವಾಗಿ ಕಂಡದ್ದು. ಹುಡುಕಿದ್ದಕ್ಕಲ್ಲ, ಹುಡುಕಿ ವಸ್ತು ಕೊಂಡರೆ ಹಣ ವಾಪಸ್ಸು. ಅಂಗಡಿಯವನು ಮಾರಾಟ ಆದಾಗ ಮಾತ್ರ ಕಮಿಷನ್ ಕೊಡುತ್ತಾನೆ, ಮೈಕ್ರೋಸಾಫ್ಟ್ ಅದನ್ನು ಗ್ರಾಹಕನಿಗೆ ದಾಟಿಸುತ್ತದೆ. ಕಾಗದದ ಮೇಲೆ ಎಲ್ಲರಿಗೂ ಲಾಭ. ಆದರೆ ಕೆಲವು ಅಂಗಡಿಗಳು ಕ್ಯಾಷ್‌ಬ್ಯಾಕ್ ಕೊಂಡಿ ಒತ್ತಿ ಬಂದವರಿಗೆ ಅದೇ ವಸ್ತುವಿನ ಬೆಲೆಯನ್ನು ಏರಿಸಿ ತೋರಿಸುತ್ತಿದ್ದದ್ದು 2009ರಲ್ಲಿ ಬಯಲಾಯಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲವೆಂದು 2010ರ ಜುಲೈಯಲ್ಲಿ ಯೋಜನೆಯನ್ನು ಮುಚ್ಚಿದರು. ಎರಡೇ ತಿಂಗಳಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ಬಿಂಗ್ ರಿವಾರ್ಡ್ಸ್ ಬಂತು. 2016ರಲ್ಲಿ ಅದರ ಹೆಸರು ಮೈಕ್ರೋಸಾಫ್ಟ್ ರಿವಾರ್ಡ್ಸ್ ಆಯಿತು. ನಿಮ್ಮ ಗೆಳತಿ ಬಳಸುತ್ತಿರುವುದು ಅದನ್ನೇ.

ಈಗ ಹಣದ ಲೆಕ್ಕ. ಅಮೆರಿಕದಲ್ಲಿ ಬಹುಕಾಲ ಒಂದು ಹುಡುಕಾಟಕ್ಕೆ 5 ಪಾಯಿಂಟ್ ಸಿಗುತ್ತಿತ್ತು, 5,000ಕ್ಕೆ ಸ್ವಲ್ಪ ಮೇಲ್ಪಟ್ಟು ಪಾಯಿಂಟ್ ಸೇರಿದರೆ 5 ಡಾಲರಿನ ಕಾರ್ಡ್. ಅಂದರೆ ಒಂದು ಹುಡುಕಾಟಕ್ಕೆ ಹೆಚ್ಚೂಕಡಿಮೆ ಅರ್ಧ ಸೆಂಟ್. ನಮ್ಮಲ್ಲಿ ದರಗಳು ಬೇರೆ, ಆಗಾಗ ಬದಲಾಗುತ್ತಲೂ ಇರುತ್ತವೆ, ಹಾಗಾಗಿ ನೀವೇ ಕೂತು ಲೆಕ್ಕ ಹಾಕಿ. ರಿಡೀಮ್ ಪುಟದಲ್ಲಿ ಒಂದು ಕಾರ್ಡಿನ ಮುಖಬೆಲೆಯನ್ನು ಅದಕ್ಕೆ ಬೇಕಾದ ಪಾಯಿಂಟುಗಳಿಂದ ಭಾಗಿಸಿ, ಬಂದದ್ದನ್ನು ಒಂದು ಹುಡುಕಾಟಕ್ಕೆ ಸಿಗುವ ಪಾಯಿಂಟಿನಿಂದ ಗುಣಿಸಿ. ಉತ್ತರ ಪೈಸೆಗಳಲ್ಲಿ ಬರುತ್ತದೆ. ದಿನಕ್ಕೆ ಇಷ್ಟೇ ಪಾಯಿಂಟ್ ಎಂಬ ಮಿತಿಯೂ ಇದೆ. 18 ತಿಂಗಳು ಖಾತೆಯಲ್ಲಿ ಏನೂ ಗಳಿಸದೆ, ಬಳಸದೆ ಬಿಟ್ಟರೆ ಕೂಡಿಟ್ಟದ್ದೆಲ್ಲ ಹೋಗುತ್ತದೆ. ಸೊಪ್ಪಿನವಳು ಕೊಸರಿಗೆ ಹಾಕುವ ನಾಲ್ಕೆಸಳು ಕೊತ್ತಂಬರಿ ಇದ್ದ ಹಾಗೆ ಇದು. ಹಾಕಿದರೆ ಸಂತೋಷ, ಆದರೆ ಅದಕ್ಕೆಂದೇ ಸಂತೆಗೆ ಹೋದರೆ ಬಸ್ ಚಾರ್ಜಿಗೂ ಗಿಟ್ಟುವುದಿಲ್ಲ.

ಹಾಗಾಗಿ ಹೇಗೂ ಹುಡುಕಬೇಕಾದದ್ದನ್ನು ಬಿಂಗ್‌ನಲ್ಲಿ ಹುಡುಕಿ ಪಾಯಿಂಟ್ ತಗೊಳ್ಳುವುದಾದರೆ ನನ್ನ ತಕರಾರಿಲ್ಲ. ಕೋಟಾ ತುಂಬಿಸಲು ‘ಅ’, ‘ಆ’, ‘ಇ’ ಎಂದು ಟೈಪ್ ಮಾಡುತ್ತ ಕೂರುವುದು ದಂಡ. ಅದು ನಿಯಮಕ್ಕೂ ವಿರುದ್ಧ. ನಿಜವಾಗಿ ಏನನ್ನೋ ತಿಳಿಯಲು ಮಾಡಿದ ಹುಡುಕಾಟ ಮಾತ್ರ ಲೆಕ್ಕಕ್ಕೆ ಎಂದು ಅವರ ಷರತ್ತಿನಲ್ಲೇ ಇದೆ. ಒಂದರ ಹಿಂದೊಂದು ದಬದಬನೆ ಹುಡುಕಿದರೆ ಸ್ವಲ್ಪ ಹೊತ್ತು ಪಾಯಿಂಟ್ ನಿಲ್ಲಿಸುವ ಏರ್ಪಾಟನ್ನೂ ಈಚಿನ ವರ್ಷಗಳಲ್ಲಿ ತಂದಿದ್ದಾರೆ.

ಆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಡಿ. ಬಾಟ್, ಮ್ಯಾಕ್ರೊ ಬಳಸಿದರೆ ಖಾತೆ ಅಮಾನತಾಗುತ್ತದೆ, ಕೂಡಿಟ್ಟ ಪಾಯಿಂಟ್ ಮುಟ್ಟುಗೋಲು. ಲೈವ್ ಸರ್ಚ್ ಕ್ಲಬ್ ಕಾಲದಿಂದಲೂ ಈ ಕಳ್ಳದಾರಿಗಳನ್ನು ನೋಡಿ ನೋಡಿ ಅವರು ಪಳಗಿದ್ದಾರೆ, ತಪ್ಪಿಸಿಕೊಳ್ಳುವುದು ಸುಲಭವಲ್ಲ. ನನಗೆ ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಬ್ರೌಸರಿನಲ್ಲಿ ನಿಮ್ಮ ಪರವಾಗಿ ಹುಡುಕುವ ಅನುಮತಿ ಪಡೆದ ಎಕ್ಸ್‌ಟೆನ್ಷನ್, ಬಹಳ ಸಲ ನೀವು ತೆರೆದ ಪುಟಗಳನ್ನು ಓದುವ ಅನುಮತಿಯನ್ನೂ ಕೇಳಿ ಪಡೆದಿರುತ್ತದೆ. ಬ್ಯಾಂಕಿನ ಪುಟ, ಕಾಲೇಜಿನ ಮೇಲ್, ಯಾವುದೂ ಅದಕ್ಕೆ ಮುಚ್ಚಿದ ಬಾಗಿಲಲ್ಲ. ಕೆಲವು ಪೈಸೆಗಳಿಗಾಗಿ ಗುರುತು ಪರಿಚಯವಿಲ್ಲದ ಯಾರಿಗೋ ಈ ಕೀಲಿಕೈ ಕೊಡುವುದೇ?

ಗುಟ್ಟಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಬೇಕಾದದ್ದು. ಲಾಗಿನ್ ಆಗದೆ ಪಾಯಿಂಟ್ ಇಲ್ಲ. ಅಂದರೆ ಪ್ರತಿ ಹುಡುಕಾಟವೂ ನಿಮ್ಮ ಖಾತೆಗೆ ಅಂಟಿಕೊಳ್ಳುತ್ತದೆ. 2006ರ ಆಗಸ್ಟಿನಲ್ಲಿ ಎಓಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸಂಶೋಧನೆಗೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು ಬಹಿರಂಗ ಮಾಡಿತು. ಹೆಸರುಗಳನ್ನು ತೆಗೆದು ಬರೀ ನಂಬರ್ ಕೊಟ್ಟಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ನಂಬರಿನ ಹುಡುಕಾಟಗಳನ್ನಷ್ಟೇ ಓದಿ ಆ ಮಹಿಳೆ ಯಾರೆಂದು ಪತ್ತೆ ಮಾಡಿ ಮನೆ ಬಾಗಿಲಿಗೆ ಹೋದರು. ಕಾಯಿಲೆ, ಸಾಲ, ಪ್ರೀತಿ, ಜಗಳ – ಮನೆಯವರಿಗೆ ಹೇಳದ್ದನ್ನೂ ನಾವು ಆ ಪೆಟ್ಟಿಗೆಗೆ ಹೇಳುತ್ತೇವೆ. ಲಾಗಿನ್ ಆಗಿ ಬಳಸುವವರಿಗೆ ಗೂಗಲ್‌ನಲ್ಲೂ ಇದೇ ಕಥೆ, ಪಾಯಿಂಟ್ ಕೊಡುವವರು ಮಾತ್ರ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ನನ್ನ ಸಲಹೆ ಇಷ್ಟೆ. ಓದಿಗೆ, ಕ್ರಿಕೆಟ್ ಸ್ಕೋರಿಗೆ, ಬಸ್ಸಿನ ವೇಳೆಗೆ ಒಂದು ಬ್ರೌಸರ್ ಇಟ್ಟುಕೊಳ್ಳಿ, ಅಲ್ಲಿ ಪಾಯಿಂಟ್ ಬರಲಿ. ಆರೋಗ್ಯ, ದುಡ್ಡು, ಮನಸ್ಸಿನ ವಿಷಯಗಳಿಗೆ ಲಾಗಿನ್ ಇಲ್ಲದ ಇನ್ನೊಂದು. ಮೈಕ್ರೋಸಾಫ್ಟ್ ಖಾತೆಯ ಪ್ರೈವೆಸಿ ಪುಟಕ್ಕೆ ಹೋದರೆ ಹುಡುಕಾಟದ ಇತಿಹಾಸ ಕಾಣಿಸುತ್ತದೆ, ಅಳಿಸಲೂ ಬಹುದು. ಒಮ್ಮೆ ತೆರೆದು ನೋಡಿ. ಅಳಿಸದಿದ್ದರೂ ಪರವಾಗಿಲ್ಲ, ನೋಡಿ.

ಬೇರೆ ಬಗೆಯವೂ ಇವೆ. ಬರ್ಲಿನ್ನಿನ ಇಕೋಸಿಯಾ ಎಂಬ ಸರ್ಚ್ ಎಂಜಿನ್ 2009ರಿಂದ ತನ್ನ ಲಾಭವನ್ನು ಮರ ನೆಡಲು ಬಳಸುತ್ತದೆ, ನಿಮ್ಮ ಕೈಗೆ ಏನೂ ಬರುವುದಿಲ್ಲ. ಬ್ರೇವ್ ಬ್ರೌಸರ್ ತಾನು ತೋರಿಸುವ ಜಾಹೀರಾತುಗಳಿಂದ ಬಂದ ಹಣದಲ್ಲಿ ಶೇ. 70ನ್ನು ನೋಡಿದವರಿಗೆ ಕೊಡುತ್ತೇನೆ ಎನ್ನುತ್ತದೆ. ಆದರೆ ಕೊಡುವುದು ಬಿಎಟಿ ಎಂಬ ಕ್ರಿಪ್ಟೊ ಟೋಕನ್ನಿನಲ್ಲಿ. ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ. 30 ತೆರಿಗೆ ಇದೆ, ವರ್ಗಾವಣೆಗೆ ಶೇ. 1 ಟಿಡಿಎಸ್ ಇದೆ. ಪುಡಿ ಮೊತ್ತಕ್ಕೆ ಇಷ್ಟು ರಗಳೆ ಯಾರಿಗೆ ಬೇಕು ಎಂಬುದು ನನ್ನ ಅಭಿಪ್ರಾಯ, ನಿಮ್ಮ ಅಕೌಂಟೆನ್ಸಿ ಮೇಷ್ಟ್ರು ಒಳ್ಳೆ ಅಭ್ಯಾಸದ ಲೆಕ್ಕ ಎಂದರೂ ಎಂದಾರು.

ಕೊನೆಗೆ ಆ ಟೆಲಿಗ್ರಾಂ ಗುಂಪು. 50 ಹುಡುಕಾಟಕ್ಕೆ 800 ಅಂದರೆ ಒಂದಕ್ಕೆ 16 ರೂಪಾಯಿ. 200 ಕೋಟಿ ಡಾಲರಿನ ಆಸೆಯಿಟ್ಟುಕೊಂಡ ಮೈಕ್ರೋಸಾಫ್ಟ್ ಪೈಸೆಗಳಲ್ಲಿ ಕೊಡುತ್ತಿರುವಾಗ, ಹೆಸರಿಲ್ಲದ ಗುಂಪೊಂದು 16 ರೂಪಾಯಿ ಎಲ್ಲಿಂದ ತರುತ್ತದೆ? ನಿಮ್ಮ 500ರಿಂದ, ನಿಮ್ಮ ನಂತರ ಸೇರುವವರ 500ರಿಂದ. ಇದಕ್ಕೂ ಹಳೆಯ ದಾಖಲೆಯಿದೆ. 2011ರಲ್ಲಿ ಕುಸಿದ ಸ್ಪೀಕ್ ಏಷ್ಯಾ, ಸಮೀಕ್ಷೆಗೆ ಉತ್ತರಿಸಿ ಹಣ ಗಳಿಸಿ ಎಂದು ತಲೆಗೆ 11,000 ರೂಪಾಯಿ ಕಟ್ಟಿಸಿಕೊಂಡಿತ್ತು. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ನೊಯ್ಡಾದಲ್ಲಿ ಹಿಡಿದ ಸೋಷಿಯಲ್ ಟ್ರೇಡ್ ಪ್ರಕರಣದಲ್ಲಿ ಮುಂಗಡ ಕಟ್ಟಿದವರಿಗೆ ಕ್ಲಿಕ್ಕಿಗೆ 5 ರೂಪಾಯಿ ಎಂದಿದ್ದರು. ಒಟ್ಟು ಸುಮಾರು 3,700 ಕೋಟಿ ರೂಪಾಯಿ ಸಂಗ್ರಹವಾಗಿತ್ತು ಎಂದು ಪೊಲೀಸರು ಹೇಳಿದ್ದರು. ಈಗಿನವರ ವರಸೆ ಇನ್ನೂ ನಯ. ಮೊದಲ ಒಂದೆರಡು ದಿನ ನೂರಿನ್ನೂರು ನಿಜವಾಗಿಯೇ ಖಾತೆಗೆ ಹಾಕುತ್ತಾರೆ. ಆಮೇಲೆ ‘ಪ್ರೀಮಿಯಂ ಟಾಸ್ಕ್’ ಎಂದು ಸಾವಿರ, ಐದು ಸಾವಿರ ಕೇಳುತ್ತಾರೆ. ಪರದೆಯ ಮೇಲೆ ನಿಮ್ಮ ಬಾಕಿ ಏರುತ್ತಲೇ ಇರುತ್ತದೆ, ತೆಗೆಯಲು ಹೋದರೆ ‘ತೆರಿಗೆ ಕಟ್ಟಿ’ ಎನ್ನುತ್ತಾರೆ.

ಅಸಲಿ ಯೋಜನೆ ನಿಮ್ಮಿಂದ ಸಮಯವನ್ನು, ಮಾಹಿತಿಯನ್ನು ತೆಗೆದುಕೊಳ್ಳುತ್ತದೆ, ಹಣವನ್ನಲ್ಲ. ಟೆಲಿಗ್ರಾಂ ಗುಂಪಿನವರು ಕಳಿಸುವ ಆ್ಯಪ್ ಹಾಕಿಕೊಳ್ಳಬೇಡಿ, ಯುಪಿಐ ಕೋರಿಕೆ ಬಂದರೆ ಪಿನ್ ಒತ್ತಬೇಡಿ. ಅವರ ಹಣ ಹಾದುಹೋಗಲು ನಿಮ್ಮ ಬ್ಯಾಂಕ್ ಖಾತೆಯನ್ನು ‘ಬಾಡಿಗೆಗೆ’ ಕೇಳಿದರಂತೂ ಅಲ್ಲೇ ನಿಲ್ಲಿಸಿ. ಮೋಸದ ಹಣ ಸಾಗಿಸಿದ ಖಾತೆ ಎಂದು ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನೇ. ಗೆಳತಿಯರಲ್ಲಿ ಯಾರಾದರೂ ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಲಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಲಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಆ ಗುಂಪಿನಿಂದ ಸಿಟ್ಟಿನಲ್ಲಿ ಹೊರಬಂದು ಚಾಟ್ ಅಳಿಸಿಬಿಡುವುದು ಬೇಡ. ಸ್ಕ್ರೀನ್‌ಶಾಟ್‌ಗಳು, ಹಣ ಹೋದ ಯುಪಿಐ ಐಡಿ, ವಹಿವಾಟಿನ ಸಂಖ್ಯೆ ಇಷ್ಟನ್ನೂ ತೆಗೆದಿಟ್ಟುಕೊಂಡೇ ಹೊರಬನ್ನಿ.